ಮಗಳ ಪ್ರವಾಸಕ್ಕೊಂದು ಗಾಲಿಕುರ್ಚಿ

ನಮ್ಮ ಭಾಗದ ಕುಟುಂಬಗಳಿಗೆ ಪ್ರವಾಸವೆಂಬುದು ಹೊಸದಲ್ಲ. ಸುಗ್ಗಿ ಮುಗಿದ ಮೇಲೆ ಬುತ್ತಿ ಕಟ್ಟಿಕೊಂಡು ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೋ, ಸೊಗಲದ ಸೋಮೇಶ್ವರನ ಸನ್ನಿಧಿಗೋ, ಕೂಡಲಸಂಗಮಕ್ಕೋ ಹೋಗಿಬರುವುದು ಹಿಂದಿನಿಂದ ನಡೆದುಬಂದ ರೂಢಿ. ಈಗ ಅದಕ್ಕೆ ಉದ್ಯಾನಗಳೂ ಸೇರಿಕೊಂಡಿವೆ. ಶಾಲೆಗೆ ರಜೆ ಬಂತೆಂದರೆ ಮಕ್ಕಳು ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್, ಆಲಮಟ್ಟಿಯ ಉದ್ಯಾನ, ಇನ್ನೂ ದೂರವೆಂದರೆ 2005ರಲ್ಲಿ ಬಿಡದಿಯ ಬಳಿ ಆರಂಭವಾದ ವಂಡರ್‌ಲಾ ಎಂದು ಪಟ್ಟಿ ಹಾಕತೊಡಗುತ್ತಾರೆ. ಸ್ಥಳ ಯಾವುದೇ ಇರಲಿ, ಗಾಡಿಯಿಂದ ಇಳಿದ ಮೇಲೆ ನಡೆಯಬೇಕು, ಬಿಸಿಲಿನಲ್ಲಿ ನಿಲ್ಲಬೇಕು, ಸರದಿ ಕಾಯಬೇಕು. ಓಡಾಡಬಲ್ಲ ಮಕ್ಕಳಿಗೆ ಇದು ಲೆಕ್ಕಕ್ಕೇ ಬಾರದ ಸಂಗತಿ. ಆದರೆ ನಡೆಯಲು ಕಷ್ಟಪಡುವ ಮಗುವಿರುವ ಮನೆಯಲ್ಲಿ ಪ್ರವಾಸದ ಮಾತು ಬಂದೊಡನೆ ಮೊದಲು ಎದುರಾಗುವ ಚಿಂತೆಯೇ ಅದು. ಅಂಥ ಮನೆಗಳಲ್ಲಿ ಚಚಡಿಯ ನಮ್ಮ ಮನೆಯೂ ಒಂದು. ನಮ್ಮ ಅನುಭವವು ಇನ್ನೊಂದು ಮನೆಯವರಿಗೆ ಉಪಯೋಗಕ್ಕೆ ಬಂದೀತೆಂಬ ಭಾವನೆಯಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ನಮ್ಮ ಮಗಳಿಗೆ ಈಗ 11 ವರ್ಷ, ಆರನೆಯ ಇಯತ್ತೆಯಲ್ಲಿ ಓದುತ್ತಿದ್ದಾಳೆ. ದಿನ ತುಂಬುವ ಮೊದಲೇ ಹುಟ್ಟಿದ ಕೂಸು ಆಕೆ. ಮಿದುಳಿನ ಬೆಳವಣಿಗೆಯ ಕಾಲದಲ್ಲಿ ಆದ ಪೆಟ್ಟಿನಿಂದ ಕಾಲಿನ ಸ್ನಾಯುಗಳು ಬಿಗಿದುಕೊಳ್ಳುವ ಸೆರೆಬ್ರಲ್ ಪಾಲ್ಸಿ ಎಂಬ ತೊಂದರೆ ಆಕೆಗಿದೆ. ಬುದ್ಧಿಯಲ್ಲಿ, ಮಾತಿನಲ್ಲಿ ಯಾವ ಕೊರತೆಯೂ ಇಲ್ಲ. ಕಣಕಾಲಿಗೆ ಆಧಾರವಾಗಿ ಪಟ್ಟಿ ಧರಿಸಿ, ವಾಕರ್ ಹಿಡಿದು ಮನೆಯೊಳಗೂ ಶಾಲೆಯಲ್ಲಿಯೂ ತಾನೇ ಓಡಾಡುತ್ತಾಳೆ. ಆದರೆ ನೂರು ಹೆಜ್ಜೆ ನಡೆಯುವಷ್ಟರಲ್ಲಿ ಮುಖದ ಮೇಲೆ ಬೆವರು ಮೂಡುತ್ತದೆ. ಬಿಗಿದ ಸ್ನಾಯುಗಳೊಡನೆ ಹೋರಾಡುತ್ತ ಇಡುವ ಒಂದೊಂದು ಹೆಜ್ಜೆಗೂ ನಾವು ನೀವು ವ್ಯಯಿಸುವುದಕ್ಕಿಂತ ಹೆಚ್ಚಿನ ಶಕ್ತಿ ಬೇಕಾಗುತ್ತದೆ.

ಆಕೆ ಚಿಕ್ಕವಳಿದ್ದಾಗ ಇದು ದೊಡ್ಡ ಪ್ರಶ್ನೆಯಾಗಿರಲಿಲ್ಲ. ಜಾತ್ರೆಗೆ ಹೋದರೆ ನಮ್ಮ ಯಜಮಾನರ ಹೆಗಲ ಮೇಲೆ, ಮದುವೆಗೆ ಹೋದರೆ ನನ್ನ ಬಗಲಲ್ಲಿ ಇರುತ್ತಿದ್ದಳು. ಈಗ ಆಕೆಯ ತೂಕ 28 ಕಿಲೋ. ಎತ್ತುವವರ ಸೊಂಟದ ಮಾತು ಹಾಗಿರಲಿ, ಎತ್ತಿಸಿಕೊಳ್ಳುವವಳ ಮನಸ್ಸಿನ ಮಾತು ಬೇರೆಯೇ ಇದೆ. ಕಳೆದ ವರ್ಷ ದಸರೆಯ ರಜೆಯಲ್ಲಿ ಎಲ್ಲರೂ ಕೂಡಿ ಗೊಟಗೋಡಿಗೆ ಹೋಗುವುದೆಂದು ಮೈದುನನ ಮಕ್ಕಳು ಕುಣಿದಾಡುತ್ತಿರುವಾಗ, ಆಕೆ ಮಾತ್ರ ಪುಸ್ತಕದಿಂದ ತಲೆಯೆತ್ತದೆ ಹೇಳಿದಳು: "ಅವ್ವಾ, ನೀವೆಲ್ಲಾ ಹೋಗಿ ಬರ್ರಿ. ನಾ ಆಯಿ ಕೂಡ ಮನ್ಯಾಗ ಇರ್ತೇನಿ."

ಆ ಮಾತಿನಲ್ಲಿ ಅಳುವಿರಲಿಲ್ಲ, ಹಟವಿರಲಿಲ್ಲ. ಅದೇ ನನ್ನನ್ನು ಹೆಚ್ಚು ಕಂಗೆಡಿಸಿತು. ಬೇಕೆಂದು ಅಳುವ ಮಗುವನ್ನು ರಮಿಸಬಹುದು. ಬೇಡವೆಂದು ತಾನೇ ಹಿಂದೆ ಸರಿಯಲು ಕಲಿತ ಮಗುವನ್ನು ಹೇಗೆ ರಮಿಸುವುದು? ಹನ್ನೊಂದರ ಹುಡುಗಿ ನಾಲ್ಕು ಜನರೆದುರು ತಂದೆಯ ಹೆಗಲೇರುವುದಕ್ಕಿಂತ ಮನೆಯಲ್ಲಿಯೇ ಉಳಿಯುವುದು ಲೇಸೆಂದು ತೀರ್ಮಾನಿಸಿದ್ದಳು. ಇಂದು ಉದ್ಯಾನ ಬಿಟ್ಟವಳು ನಾಳೆ ಶಾಲೆಯ ಸಹಲನ್ನು, ನಾಡಿದ್ದು ಗೆಳತಿಯ ಮನೆಯನ್ನು, ಮುಂದೆ ದೂರದ ಕಾಲೇಜನ್ನು ಬಿಟ್ಟಾಳೆಂಬ ಭಯ ನನ್ನಲ್ಲಿ ಹುಟ್ಟಿತು.

ಅಂದು ರಾತ್ರಿ ಊಟವಾದ ಮೇಲೆ ಪಡಸಾಲೆಯಲ್ಲಿ ಇದೇ ವಿಚಾರ ನಡೆಯಿತು. ಏನಾದರೊಂದು ಸಾಧನ ಬೇಕೆಂಬುದರಲ್ಲಿ ಎಲ್ಲರ ಸಹಮತವಿತ್ತು, ಯಾವುದೆಂಬಲ್ಲಿ ಮಾತ್ರ ಭಿನ್ನಾಭಿಪ್ರಾಯ. ಮಕ್ಕಳ ತಳ್ಳುಗಾಡಿಯೊಂದನ್ನು ತರಿಸಿದರೆ ಹಗುರವಾಗಿರುತ್ತದೆ, ಮಡಚಿ ಇಡಬಹುದು ಎಂದರು ಮೈದುನ. ಅಂಥ ಗಾಡಿಗಳು ಕೂಸುಗಳಿಗೆಂದು ಮಾಡಿದವು, ಈ ತೂಕವನ್ನು ತಾಳಲಾರವು. ದೊಡ್ಡ ಮಕ್ಕಳಿಗಾಗಿಯೇ ಮಾಡಿದ ಗಟ್ಟಿಮುಟ್ಟಾದ ತಳ್ಳುಗಾಡಿಗಳೂ ಸಿಗುತ್ತವೆ. ಬೆನ್ನು, ಕುತ್ತಿಗೆ ನಿಲ್ಲದ ಮಕ್ಕಳಿಗೆ ಅವು ನಿಜಕ್ಕೂ ಉಪಕಾರಿ. ಆದರೆ ಅದರಲ್ಲಿ ಕುಳಿತವರು ತಮ್ಮ ಕೈಯಿಂದ ಒಂದು ಗೇಣು ಕೂಡ ಮುಂದೆ ಹೋಗಲಾರರು, ನೂಕುವವರು ಒಯ್ದಲ್ಲಿಗೆ ಹೋಗಬೇಕು. ಕೈಯಿಂದ ತಿರುಗಿಸುವ ಮೂರು ಗಾಲಿಯ ಸೈಕಲ್ಲು ಊರಿನ ದಾರಿಗೆ ಒಳ್ಳೆಯದು, ಆದರೆ ಅದನ್ನು ಬಸ್ಸಿನಲ್ಲಿ ಒಯ್ಯುವಂತಿಲ್ಲ. ಪರಿಚಯದವರ ಮನೆಯಲ್ಲಿ ಹಿರಿಯರಿಗೆಂದು ತಂದ ಗಾಲಿಕುರ್ಚಿಯೊಂದಿತ್ತು. ಅದನ್ನೇ ಎರವಲು ತಂದರಾಯಿತೆಂದು ಇನ್ನೊಂದು ಸಲಹೆ ಬಂತು.

ಗಾಲಿಕುರ್ಚಿಯ ಹೆಸರು ಕೇಳುತ್ತಲೇ ನಮ್ಮ ಅತ್ತೆಯವರು ಕೈಯಲ್ಲಿದ್ದ ಬತ್ತಿ ಹೊಸೆಯುವುದನ್ನು ನಿಲ್ಲಿಸಿದರು. "ಕುರ್ಚಿಗೆ ಕುಂಡ್ರಿಸಿದ್ರ ಹುಡುಗಿ ಕಾಲ ಮರ್ತಬಿಡ್ತಾಳ. ಇಷ್ಟ ವರ್ಷ ಎಣ್ಣಿ ತಿಕ್ಕಿ, ಗ್ವಾಡಿ ಹಿಡಿಸಿ ನಡಸೇವಿ, ಯಾಕ?" ಎಂದರು. ಅವರ ಮಾತನ್ನು ಹಗುರವಾಗಿ ಕಾಣುವಂತಿರಲಿಲ್ಲ. ಮೊಮ್ಮಗಳ ಮೊದಲ ಹೆಜ್ಜೆಯನ್ನು ಐದನೆಯ ವರ್ಷದಲ್ಲಿ ಇಡಿಸಿದ ಕೈಗಳು ಅವರವು. ನಮ್ಮ ಯಜಮಾನರ ಸಂಕೋಚ ಇನ್ನೊಂದು ಬಗೆಯದು. ಕುರ್ಚಿಯಲ್ಲಿ ಕಂಡವರು ಹುಡುಗಿಗೆ ನಡೆಯಲು ಬರುವುದೇ ಇಲ್ಲವೆಂದು ತಿಳಿದಾರು, ಮುಂದೆ ಆ ಮಾತೇ ಊರೆಲ್ಲ ಹಬ್ಬೀತು ಎಂಬುದು ಅವರ ಅಳಕು.

ಮರುವಾರ ಬೆಳಗಾವಿಗೆ ಹೋದಾಗ, ಮಗಳಿಗೆ ವ್ಯಾಯಾಮ ಕಲಿಸುವ ಫಿಜಿಯೋಥೆರಪಿಸ್ಟ್ ಸಹೋದರಿಯವರ ಮುಂದೆ ಇದನ್ನೆಲ್ಲ ಇಟ್ಟೆವು. ಅತ್ತೆಯವರೂ ಜೊತೆಗಿದ್ದರು. ಆ ಸಹೋದರಿ ಅವರಿಗೇ ಮುಖಮಾಡಿ ತಿಳಿಯಹೇಳಿದರು. ದಿನವಿಡೀ ಕುಳಿತೇ ಇದ್ದರೆ ಮೊಣಕಾಲ ಹಿಂದಿನ ಸ್ನಾಯು ಗಿಡ್ಡವಾಗುವುದುಂಟು, ಆದುದರಿಂದ ನಿಲ್ಲುವ, ಚಾಚುವ ವ್ಯಾಯಾಮವನ್ನು ಎಂದೂ ಬಿಡಬಾರದು. ಆದರೆ ದೂರದ ದಾರಿಗೆ ಮಾತ್ರ ಕುರ್ಚಿ ಬಳಸುವುದರಿಂದ ನಡಿಗೆ ಕೆಡುವುದಿಲ್ಲ. ಇಂಥ ಮಕ್ಕಳು ಪ್ರಾಯಕ್ಕೆ ಬಂದು ಮೈತೂಕ ಹೆಚ್ಚಿದಂತೆ ನಡಿಗೆ ಇನ್ನೂ ಶ್ರಮದ್ದಾಗುತ್ತದೆ. ದಣಿದ ಮೇಲೂ ಎಳೆದಾಡಿ ನಡೆಸಿದರೆ ಬೀಳುವ ಅಪಾಯವೇ ಹೆಚ್ಚು. ಇಷ್ಟು ಹೇಳಿ ಅವರೊಂದು ಪ್ರಶ್ನೆ ಕೇಳಿದರು: "ಹುಡುಗಿಗೆ ನಡೆಯಲು ಬರುತ್ತದೆಯೇ ಎಂದು ನೀವು ಕೇಳುತ್ತಿದ್ದೀರಿ. ಆ ಸ್ಥಳವನ್ನು ತಲುಪಿದ ಮೇಲೆ ಆಕೆಯಲ್ಲಿ ಎಷ್ಟು ಶಕ್ತಿ ಉಳಿದಿರಬೇಕು ಎಂದು ಕೇಳಿಕೊಂಡು ನೋಡಿ."

ಆ ಪ್ರಶ್ನೆಯಿಂದ ನಮ್ಮ ವಿಚಾರದ ದಿಕ್ಕೇ ಬದಲಾಯಿತು. ಕುರ್ಚಿಯು ಕಾಲಿಗೆ ಬದಲಿಯಲ್ಲ, ದೂರಕ್ಕೆ ಉಪಾಯ ಎಂಬುದು ಮನದಟ್ಟಾಯಿತು. ಹೊಲ ಹತ್ತಿರವಿದ್ದರೆ ನಡೆದು ಹೋಗುತ್ತೇವೆ, ಬೈಲಹೊಂಗಲಕ್ಕೆ ಬಸ್ಸು ಹಿಡಿಯುತ್ತೇವೆ. ಹಾಗೆಂದು ನಮಗೆ ಕಾಲಿಲ್ಲವೆಂದು ಯಾರಾದರೂ ಅಂದಾರೆಯೇ? ಮಡಚುವ ಗಾಲಿಕುರ್ಚಿಯ ಹುಟ್ಟಿನ ಕಥೆಯೂ ಇದನ್ನೇ ಹೇಳುತ್ತದೆ. ಅಮೆರಿಕೆಯ ಹರ್ಬರ್ಟ್ ಎವರೆಸ್ಟ್ ಎಂಬ ಗಣಿ ಎಂಜಿನಿಯರು 1918ರ ಅಪಘಾತದಲ್ಲಿ ಕಾಲಿನ ಸ್ವಾಧೀನ ಕಳೆದುಕೊಂಡವರು. ಅಂದಿನ ಭಾರವಾದ ಕುರ್ಚಿಗಳನ್ನು ಮೋಟಾರು ಗಾಡಿಯಲ್ಲಿ ಒಯ್ಯಲು ಬರುತ್ತಿರಲಿಲ್ಲ. ಅದಕ್ಕಾಗಿ ಅವರು ಗೆಳೆಯ ಹ್ಯಾರಿ ಜೆನ್ನಿಂಗ್ಸ್ ಅವರೊಡನೆ ಕೂಡಿ 1930ರ ದಶಕದಲ್ಲಿ, ಕತ್ತರಿಯಾಕಾರದ ಅಡ್ಡಪಟ್ಟಿಗಳಿಂದ ಮಡಚಿಕೊಳ್ಳುವ ಉಕ್ಕಿನ ಕುರ್ಚಿಯನ್ನು ರೂಪಿಸಿದರು. ಅಂದರೆ ಈ ಕುರ್ಚಿ ಹುಟ್ಟಿದ್ದೇ ಮನೆಯಿಂದ ಹೊರಗೆ ಹೋಗಲೆಂದು.

ಇನ್ನು ಆಯ್ಕೆಯ ವಿಷಯ. ಬಳಸುವವರ ಅಗತ್ಯಕ್ಕೂ ಅವರ ಪರಿಸರಕ್ಕೂ ಹೊಂದಬೇಕು, ಮೈಗೆ ಸರಿಯಾಗಿ ಕೂಡಬೇಕು, ಸುರಕ್ಷಿತವೂ ಬಾಳಿಕೆಯುಳ್ಳದ್ದೂ ಆಗಿರಬೇಕು, ಕೆಟ್ಟರೆ ಅಲ್ಲಿಯೇ ದುರಸ್ತಿಯಾಗುವಂತಿರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ ಹೊರತಂದ ಮಾರ್ಗಸೂಚಿಯ ಸಾರ. ನಾವು ಎರವಲು ತಂದು ನೋಡಿದ ಹಿರಿಯರ ಕುರ್ಚಿಯ ಆಸನ 45 ಸೆಂ.ಮೀ. ಅಗಲವಿತ್ತು. ಮಗಳ ಸೊಂಟದ ಅಗಲ 28 ಸೆಂ.ಮೀ. ಕುಳಿತ ಕೂಡಲೇ ಆಕೆ ಒಂದು ಬದಿಗೆ ವಾಲಿದಳು. ಕೈಯಾಸರೆಯ ಮೇಲಿಂದ ತೋಳು ಚಾಚಿದರೂ ಗಾಲಿ ಸರಿಯಾಗಿ ಕೈಗೆ ಸಿಗಲಿಲ್ಲ. ದೊಡ್ಡವರ ಜೋಡು ಚಿಕ್ಕವರ ಕಾಲಿಗೆ ಹೇಗೋ ಹಾಗೆ ಇದೂ.

ಅಳತೆ ನೋಡುವ ಬಗೆ ಕಷ್ಟದ್ದಲ್ಲ. ಮಗುವನ್ನು ಗಟ್ಟಿಯಾದ ಹಲಗೆಯ ಮೇಲೆ ನೆಟ್ಟಗೆ ಕೂಡಿಸಿ ಸೊಂಟದ ಅಗಲ ಅಳೆಯಬೇಕು. ಆಸನವು ಅದಕ್ಕಿಂತ ಎರಡು ಬದಿ ಕೂಡಿ ಎರಡು ಮೂರು ಸೆಂ.ಮೀ.ಗಿಂತ ಹೆಚ್ಚು ಅಗಲವಿರಬಾರದು. ಬೆಳೆಯುವ ಮಗುವೆಂದು ಅಂಗಿಯಂತೆ ದೊಡ್ಡ ಅಳತೆಯದನ್ನು ಕೊಳ್ಳುವುದು ಸಲ್ಲದು. ಬೆನ್ನಿನ ಕೆಳಭಾಗದಿಂದ ಮೊಣಕಾಲ ಹಿಂಬದಿಯವರೆಗಿನ ಉದ್ದಕ್ಕಿಂತ ಆಸನದ ಆಳವು ನಾಲ್ಕೈದು ಸೆಂ.ಮೀ. ಕಡಿಮೆಯಿರಬೇಕು. ಆಸನದ ಅಂಚಿಗೂ ಮೊಣಕಾಲಿಗೂ ನಡುವೆ ಎರಡು ಬೆರಳು ಹಿಡಿಸಿದರೆ ಸರಿ. ಪಾದಗಳು ಜೋತಾಡದೆ ಕಾಲಿಡುವ ಪಟ್ಟಿಯ ಮೇಲೆ ಪೂರ್ತಿ ಊರಿರಬೇಕು. ತೋಳನ್ನು ಇಳಿಬಿಟ್ಟಾಗ ಬೆರಳ ತುದಿ ದೊಡ್ಡ ಗಾಲಿಯ ನಡುವಿನ ಅಚ್ಚನ್ನು ಮುಟ್ಟುವಂತಿದ್ದರೆ ಮಗು ತಾನೇ ಗಾಲಿ ತಿರುಗಿಸಬಲ್ಲದು. ತೆಳ್ಳಗಿನ ಮೆತ್ತೆಯೊಂದು ಅವಶ್ಯ. ಹೆಚ್ಚು ಹೊತ್ತು ಕೂಡುವುದಿದ್ದರೆ ಅರ್ಧ ತಾಸಿಗೊಮ್ಮೆಯಾದರೂ ಕೈಯೂರಿ ಮೈಯೆತ್ತುವ ಅಥವಾ ಎದ್ದು ನಿಲ್ಲುವ ಅಭ್ಯಾಸವಿರಬೇಕು, ಇಲ್ಲವಾದರೆ ಒತ್ತಡದಿಂದ ಚರ್ಮ ಕೆಂಪಾಗಿ ಹುಣ್ಣಾಗುವ ಸಂಭವವುಂಟು.

ನೆಲದ ವಿಚಾರವೂ ಅಷ್ಟೇ ಮುಖ್ಯ. ನಮ್ಮದು ಎರೆ ಭೂಮಿ. ಮಳೆ ಬಿದ್ದ ಮೇಲೆ ಎತ್ತಿನ ಬಂಡಿಯ ಗಾಲಿಯನ್ನೇ ಹಿಡಿದಿಡುವ ಮಣ್ಣು ಕುರ್ಚಿಯ ಸಣ್ಣ ಗಾಲಿಯನ್ನು ಬಿಟ್ಟೀತೆ? ಆಸ್ಪತ್ರೆಯ ನುಣುಪು ನೆಲಕ್ಕೆಂದು ಮಾಡಿದ ಕುರ್ಚಿಗಳ ಮುಂದಿನ ಗಾಲಿ ಬಹಳ ಸಣ್ಣದು, ಗಟ್ಟಿಯಾದುದು. ಜಲ್ಲಿಯಲ್ಲಿ, ಹುಲ್ಲಿನಲ್ಲಿ ಅದು ಹೂತು ನಿಲ್ಲುತ್ತದೆ. ಮುಂದಿನ ಗಾಲಿ ದೊಡ್ಡದಾಗಿಯೂ ಅಗಲವಾಗಿಯೂ ಇದ್ದಷ್ಟು ಹೊರಗಿನ ದಾರಿಗೆ ಅನುಕೂಲ. ಹಿಂದಿನ 24 ಇಂಚಿನ ಗಾಲಿಗೆ ಗಾಳಿ ತುಂಬುವ ಟೈರನ್ನೇ ನಾವು ಆರಿಸಿದೆವು. ಪಂಕ್ಚರಾಗದ ಗಟ್ಟಿ ರಬ್ಬರಿನದೂ ಇತ್ತು, ಆದರೆ ಗಾಳಿಯ ಟೈರು ಕುಲುಕಾಟವನ್ನು ತಡೆಯುತ್ತದೆ, ತೂತಾದರೆ ಊರಿನ ಸೈಕಲ್ ಅಂಗಡಿಯಲ್ಲಿಯೇ ತೇಪೆ ಹಾಕುತ್ತಾರೆ. ನೂಕುವವರಿಗೂ ಕಲಿಯಬೇಕಾದುದು ಇದೆ. ಮೆಟ್ಟಿಲು ಇಳಿಸುವಾಗ ಕುರ್ಚಿಯನ್ನು ಹಿಂದುಮುಂದಾಗಿ ತಿರುಗಿಸಿ ದೊಡ್ಡ ಗಾಲಿಯನ್ನು ಮೊದಲು ಇಳಿಸಬೇಕು. ಕಡಿದಾದ ಇಳಿಜಾರಿನಲ್ಲಿಯೂ ಹಾಗೆಯೇ. ನಿಂತಲ್ಲೆಲ್ಲ ಎರಡೂ ಬ್ರೇಕ್ ಹಾಕಬೇಕು.

ಇಷ್ಟೆಲ್ಲ ನೋಡಿದ ಮೇಲೂ ಕೊನೆಯ ಮಾತು ಮಗಳದೇ ಆಗಬೇಕಿತ್ತು. ಅಂಗಡಿಯಲ್ಲಿ ತಳ್ಳುಗಾಡಿ, ಕುರ್ಚಿ ಎರಡನ್ನೂ ಆಕೆಯ ಮುಂದಿಟ್ಟು ಸುಮ್ಮನೆ ನಿಂತೆವು. ತಳ್ಳುಗಾಡಿಯನ್ನು ಆಕೆ ಕೈಯಿಂದಲೂ ಮುಟ್ಟಲಿಲ್ಲ. ಕುರ್ಚಿಯಲ್ಲಿ ಕುಳಿತು ಗಾಲಿ ಹಿಡಿದು ಒಂದು ಸುತ್ತು ಹಾಕಿದಳು, ಹಿಂದಕ್ಕೆ ಬಂದಳು, ಮತ್ತೊಂದು ಸುತ್ತು ಹಾಕಿದಳು. ಆಮೇಲೆ ತನ್ನ ಕರಾರು ಹೇಳಿದಳು: "ನಾ ಹೇಳಿದಾಗಷ್ಟ ನೂಕಬೇಕ. ಕೇಳದ ಯಾರೂ ಹಿಡಿಕಿ ಹಿಡೀಬಾರ್ದ." ಒಪ್ಪಿದೆವು. ಸಂಕೋಚಪಡುತ್ತಿದ್ದ ತಂದೆಯೇ ಬಣ್ಣ ಯಾವುದು ಬೇಕೆಂದು ಕೇಳಿದರು. ಆಕೆ ನೀಲಿ ಬಣ್ಣದ್ದನ್ನು ಆರಿಸಿದಳು.

ಹೀಗೆ ಕ್ರೂಸರ್ ಗಾಡಿಯ ಮೇಲೆ ಕುರ್ಚಿ ಕಟ್ಟಿ, ಬೈಲಹೊಂಗಲ, ಧಾರವಾಡ, ಹುಬ್ಬಳ್ಳಿ ಮಾರ್ಗವಾಗಿ ಶಿಗ್ಗಾವಿ ತಾಲೂಕಿನ ಗೊಟಗೋಡಿಗೆ ಹೋದೆವು. ಕಲಾವಿದರಾದ ದಿವಂಗತ ಟಿ.ಬಿ. ಸೊಲಬಕ್ಕನವರ ಕಲ್ಪನೆಯಲ್ಲಿ ಮೈದಳೆದ ಆ ಉದ್ಯಾನದಲ್ಲಿ ನಮ್ಮ ಉತ್ತರ ಕರ್ನಾಟಕದ ಹಳ್ಳಿಯ ಬದುಕೇ ಶಿಲ್ಪವಾಗಿ ನಿಂತಿದೆ. ಕಸುಬುಗಾರರು, ದನಕರುಗಳು, ಮನೆವಾರ್ತೆಯ ಹೆಂಗಸರು, ಎಲ್ಲವೂ ನಿಜದ ಅಳತೆಯಲ್ಲಿವೆ. ಮಗಳು ತಮ್ಮಂದಿರೊಡನೆ ಮುಂದೆ ಮುಂದೆ ಹೋಗುತ್ತಿದ್ದಳು. ಏರು ಬಂದಲ್ಲಿ ನಿಂತು ತಿರುಗಿ ನೋಡುತ್ತಿದ್ದಳು, ಆಗ ನಾವು ನೂಕುತ್ತಿದ್ದೆವು. ಕುರ್ಚಿಯ ಹಿಂದಿನ ಚೀಲದಲ್ಲಿ ಎಲ್ಲರ ನೀರಿನ ಬಾಟಲಿಗಳು, ರೊಟ್ಟಿಯ ಗಂಟು. ಮನಸ್ಸಿಗೆ ಬಂದ ಶಿಲ್ಪದ ಹತ್ತಿರ ಬ್ರೇಕ್ ಹಾಕಿ, ಎದ್ದು, ನಿಂತು ನೋಡಿದಳು. ಮಧ್ಯಾಹ್ನದ ಹೊತ್ತಿಗೆ ಮೊದಲು ದಣಿದವಳು ನಾನು!

ದಾರಿಯಲ್ಲಿ ಒಂದೂರಿನಲ್ಲಿ ಚಹಾಕ್ಕೆಂದು ನಿಂತಾಗ ನಡೆದ ಸಂಗತಿಯನ್ನೂ ಹೇಳಬೇಕು. ವಯೋವೃದ್ಧರೊಬ್ಬರು ಹತ್ತಿರ ಬಂದು, ಕನಿಕರದಿಂದ ನೋಡಿ, ಹತ್ತು ರೂಪಾಯಿಯ ನಾಣ್ಯವೊಂದನ್ನು ಮಗಳ ಉಡಿಯಲ್ಲಿಟ್ಟರು. ನನಗೆ ಮಾತೇ ಹೊರಡಲಿಲ್ಲ. ಮಗಳು ಆ ನಾಣ್ಯವನ್ನು ಎರಡೂ ಕೈಯಿಂದ ಅವರಿಗೆ ಮರಳಿ ನೀಡಿ, "ಬ್ಯಾಡ್ರಿ ಅಜ್ಜಾರ. ನಾವು ತಿರುಗಾಡಾಕ ಬಂದೇವ್ರಿ, ಗಾರ್ಡನ್ ನೋಡಾಕ ಹೊಂಟೇವಿ" ಎಂದಳು. ಅವರು ಒಂದು ಕ್ಷಣ ನಿಂತು, ನಕ್ಕು, "ಹೋಗಿ ಬಾ ತಂಗಿ" ಎಂದು ತಲೆಯ ಮೇಲೆ ಕೈಯಿಟ್ಟು ಹೋದರು. ಅವರ ಮನಸ್ಸು ಒಳ್ಳೆಯದೇ ಇತ್ತು. ಆದರೆ ಗಾಲಿಕುರ್ಚಿ ಕಂಡಲ್ಲೆಲ್ಲ ಕನಿಕರವೇ ಮೊದಲು ಬರಬೇಕಾಗಿಲ್ಲ ಎಂಬುದನ್ನು ಹುಡುಗಿಯೇ ಮೃದುವಾಗಿ ತಿಳಿಸಿದ್ದಳು.

ಚಳಿಗಾಲದಲ್ಲಿ ಕೂಡಲಸಂಗಮಕ್ಕೆ ಹೋದೆವು. ಅಲ್ಲಿ ಬಸವಣ್ಣನವರ ಐಕ್ಯಸ್ಥಳವು ನದಿಯ ನೀರು ಒಳನುಗ್ಗದಂತೆ ಕಟ್ಟಿದ ಬಾವಿಯಂಥ ಗೋಡೆಯೊಳಗೆ, ಆಳದಲ್ಲಿದೆ. ಮೆಟ್ಟಿಲಿಳಿದೇ ಹೋಗಬೇಕು, ಕುರ್ಚಿ ಇಳಿಯದು. ಎತ್ತಿಕೊಳ್ಳಲೇ ಎಂದು ತಂದೆ ಕೇಳಿದರು. ಆಕೆ ಬೇಡವೆಂದಳು. ಗಾಡಿ ನಿಲ್ಲಿಸಿದಲ್ಲಿಂದ ಅಲ್ಲಿಯವರೆಗೆ ಕುರ್ಚಿಯಲ್ಲಿ ಬಂದುದರಿಂದ ಆಕೆಯ ಕಾಲುಗಳಲ್ಲಿ ಶಕ್ತಿಯಿತ್ತು. ಕುರ್ಚಿಯನ್ನು ಮೇಲೆ ಬಿಟ್ಟು, ಒಂದು ಕೈಯಲ್ಲಿ ತಂದೆಯ ತೋಳು, ಇನ್ನೊಂದು ಕೈಯಲ್ಲಿ ಅಜ್ಜಿಯ ಕೈ ಹಿಡಿದು, ಮೆಟ್ಟಿಲು ಮೆಟ್ಟಿಲಿಗೂ ನಿಂತು ಕೆಳಗಿಳಿದಳು, ಹಾಗೆಯೇ ಮೇಲೆ ಬಂದಳು. ಮೇಲೆ ಬಂದ ಮೇಲೆ ಕುರ್ಚಿಯ ಬ್ರೇಕ್ ಹಿಡಿದು ಆಕೆಯನ್ನು ಕೂಡಿಸಿದವರು ನಮ್ಮ ಅತ್ತೆಯವರೇ. "ಕಾಲ ಎಲ್ಲಿ ಮರ್ತಾಳ, ಇಲ್ಲೇ ಅದಾವಲ್ಲ" ಎಂದು ತಮ್ಮಷ್ಟಕ್ಕೆ ತಾವೇ ಅಂದುಕೊಂಡರು.

ಇಂಥ ಮಕ್ಕಳಿರುವ ಮನೆಯವರಿಗೆ ಸರಕಾರದ ನೆರವೂ ಉಂಟು. ಸಾಧನ ಸಲಕರಣೆಗಳಿಗಾಗಿ ಕೇಂದ್ರದ ಎಡಿಪ್ ಯೋಜನೆ 1981ರಿಂದ ನಡೆದಿದೆ. ಆದಾಯದ ಮಿತಿಗೆ ಒಳಪಟ್ಟು ಗಾಲಿಕುರ್ಚಿ, ಕ್ಯಾಲಿಪರ್, ವಾಕರ್‌ಗಳು ಅದರಲ್ಲಿ ದೊರೆಯುತ್ತವೆ. ಗ್ರಾಮ ಪಂಚಾಯತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲೂಕು ಪಂಚಾಯತಿಯಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಅಂಗವೈಕಲ್ಯದ ಗುರುತಿನ ಚೀಟಿಯಾದ ಯು.ಡಿ.ಐ.ಡಿ. ಮಾಡಿಸಲು ಅವರನ್ನು ಕೇಳಬಹುದು. ಶಿಬಿರದಲ್ಲಿ ಕುರ್ಚಿ ಸಿಕ್ಕಾಗ ಸಿಕ್ಕಿತೆಂಬ ಸಂತೋಷದಲ್ಲಿ ಅಳತೆಯನ್ನು ಮರೆಯದಿರಿ, ಮಕ್ಕಳ ಅಳತೆಯದನ್ನೇ ಕೇಳಿರಿ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಶಿಕ್ಷಣ, ಉದ್ಯೋಗಗಳ ಜೊತೆಗೆ ಮನರಂಜನೆ, ಕ್ರೀಡೆಗಳನ್ನೂ ಅವರ ಹಕ್ಕೆಂದು ಎಣಿಸಿದೆ. ಉದ್ಯಾನಗಳನ್ನು, ಜಾತ್ರೆಗಳನ್ನು, ಸಮುದಾಯ ಭವನಗಳನ್ನು ನಡೆಸುವ ಹಿರಿಯರಲ್ಲಿಯೂ ಒಂದು ವಿನಂತಿ. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು ದಾರಿ, 90 ಸೆಂ.ಮೀ. ಅಗಲದ ಬಾಗಿಲುಳ್ಳ ಒಂದು ಶೌಚಾಲಯ, ಇವೆರಡಿದ್ದರೆ ಮನೆಯಲ್ಲಿಯೇ ಉಳಿದಿರುವ ಎಷ್ಟೋ ಮಕ್ಕಳು, ಎಷ್ಟೋ ವೃದ್ಧರು ಹೊರಗೆ ಬಂದಾರು.

ತಾಯಂದಿರಲ್ಲಿ ನನ್ನ ಅರಿಕೆ ಇಷ್ಟೇ. ಬೆಳೆದ ಮಗುವಿಗೆ ಸಾಧನ ಆರಿಸುವಾಗ ಅಳತೆಪಟ್ಟಿ ಹಿಡಿಯಿರಿ, ಬಲ್ಲವರನ್ನು ಕೇಳಿರಿ, ಹೋಗುವ ಊರಿನ ನೆಲವನ್ನು ನೆನೆಯಿರಿ. ಆದರೆ ಅದರಲ್ಲಿ ಕೂಡುವವರ ಮಾತನ್ನು ಎಲ್ಲಕ್ಕಿಂತ ಮೊದಲು ಕೇಳಿರಿ. ನಮ್ಮ ಮನೆಯಲ್ಲಿ ಮುಂದಿನ ರಜೆಗೆ ಎಲ್ಲಿಗೆ ಹೋಗಬೇಕೆಂಬ ಪಟ್ಟಿಯನ್ನು ಈಗ ಮಗಳೇ ಬರೆಯುತ್ತಾಳೆ. ಮೊದಲ ಹೆಸರು ಆಲಮಟ್ಟಿಯದು.